ಕಾಲ್ಗುಣದ ಕಮಿಷನ್

ವಿಲೆ ಪಾರ್ಲೆ (ಪೂರ್ವ), ಮುಂಬಯಿ
ರವಿವಾರ, 18 ನವೆಂಬರ್ 1973

ಪ್ರೀತಿಯ ಇಂದ್ರಾ,

ಮಲ್ಲಕ್ಕನ ಕಣ್ಣಿನ ಪಟ್ಟಿ ಬಿಚ್ಚಿದರೋ ಇಲ್ಲವೋ? ಡಾಕ್ಟರು ಎಷ್ಟು ಬೇಡವೆಂದರೂ ನಿಮ್ಮಕ್ಕ ಒಲೆಯ ಮುಂದೆ ಹೋಗಿ ಕೂತಿರುತ್ತಾಳೆ ಎಂಬುದು ನನಗೆ ಇಲ್ಲಿಂದಲೇ ಕಾಣುತ್ತದೆ. ಕೈ ಹಿಡಿದು ಎಬ್ಬಿಸು. ನಿನ್ನ ಮೊಣಕಾಲಿನ ಊತ ಇಳಿಯಿತೇ? ಅಲ್ಲಿ ಮೂರು ಮಹಡಿ ಹತ್ತುವ ಶಿಕ್ಷೆ ಇಲ್ಲ, ಇಳಿದಿರಲೇಬೇಕು. ನನ್ನ ಊಟದ ಚಿಂತೆ ಬೇಡ. ಕೆಳಗಿನ ಮನೆಯ ಲಕ್ಷ್ಮವ್ವ ದಿನಾ ರೊಟ್ಟಿ ಕಳಿಸುತ್ತಾಳೆ, ಪಲ್ಯ ನಾನೇ ಮಾಡಿಕೊಳ್ಳುತ್ತೇನೆ. ಮೊನ್ನೆ ಎಣ್ಣೆಗಾಯಿ ಮಾಡಲು ಹೋಗಿ ತಳ ಹತ್ತಿಸಿದೆ. ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ಮೇಲಿನ ಫಳಿಯ ಮೇಲೆ ಬೋರಲಾಗಿ ಇಟ್ಟಿದ್ದೇನೆ, ಬಂದ ಕೂಡಲೇ ಅದನ್ನೇ ಹುಡುಕಬೇಡ. ಇನ್ನೊಂದು ಸಂತೋಷದ ಮಾತು: ಈ ಕವರಿನ ಮೇಲೆ ಕಲಬುರ್ಗಿಯ ಕೆಳಗೆ ರೂಢಿಯಂತೆ ‘ಮೈಸೂರು ರಾಜ್ಯ’ ಎಂದು ಬರೆದುಬಿಟ್ಟಿದ್ದೆ, ಅದನ್ನು ಹೊಡೆದು ದೊಡ್ಡ ಅಕ್ಷರದಲ್ಲಿ ‘ಕರ್ನಾಟಕ’ ಎಂದು ಬರೆದೆ. ಹೆಸರು ಬದಲಾಗಿ ಹದಿನೈದು ದಿನ ಆಯಿತಷ್ಟೇ. ಅಂಚೆಯವರಿಗೆ ಇನ್ನೂ ರೂಢಿಯಾಗಿರಲಿಕ್ಕಿಲ್ಲ, ಪತ್ರ ತಡವಾದರೆ ಅವರನ್ನು ಬಯ್ಯಬೇಡ, ಅದು ನನ್ನ ಅಭಿಮಾನದ ತಪ್ಪು.

ಈಗ ಸುದ್ದಿ. ಇದನ್ನು ಮಲ್ಲಕ್ಕನಿಗೂ ಗಟ್ಟಿಯಾಗಿ ಓದಿ ಹೇಳು, ಕಣ್ಣು ಕಟ್ಟಿಕೊಂಡು ಕೂತವರಿಗೆ ಇಂಥದ್ದೊಂದು ಬೇಕು. ನಿನ್ನ ಗಂಡ ನಿನ್ನೆ ಸಂಜೆ ಈ ಬಿಲ್ಡಿಂಗಿನ ಅಂಗಳದಲ್ಲಿ ಒಂದು ಮೊಕದ್ದಮೆ ಗೆದ್ದಿದ್ದಾನೆ! ಇಷ್ಟು ವರ್ಷ ಕೋರ್ಟಿನಲ್ಲಿ ಬೇರೆಯವರ ಮಾತನ್ನು ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಇಂಗ್ಲಿಷಿಗೆ ಮಗುಚುತ್ತ ನಿಂತವನು ಮೊದಲ ಸಲ ನನ್ನದೇ ಮಾತನ್ನು ಆಡಿದೆ. ರಾತ್ರಿಯಿಡೀ ಅದರ ಖುಷಿಯಲ್ಲೇ ಇದ್ದೇನೆ, ಅಕ್ಷರ ಓಡುತ್ತಿದ್ದರೆ ಅದಕ್ಕೇ.

ನಡೆದದ್ದು ಹೀಗೆ. ಸ್ಟೇಷನ್ ಹತ್ತಿರ ಪಾನಿನ ಅಂಗಡಿಯ ಮಗ್ಗುಲಲ್ಲಿ ‘ಎಸ್ಟೇಟ್ ಏಜೆಂಟ್’ ಎಂದು ತಗಡಿನ ಬೋರ್ಡು ತೂಗುಹಾಕಿಕೊಂಡು ಕುರ್ಚಿಯಲ್ಲಿ ಕೂತಿರುತ್ತಾನಲ್ಲ, ನಮ್ಮ ಆಳಂದ ಕಡೆಯ ಬಸವಂತರಾಯ, ಆತ ನೀನು ರೈಲು ಹತ್ತಿದ ಮಾರನೆಯ ದಿನವೇ ಬಂದ. ಕರೀ ಟೊಪ್ಪಿಗೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಛಾಪಿಸಿದ ಒಂದು ಬಿಲ್ಲು. ನಾವು ಈ ಮನೆ ಮಾರಿದ ಬೆಲೆಯ ಮೇಲೆ ಕಮಿಷನ್ ನೂರಕ್ಕೆ ಎರಡು! ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಈ ಮನುಷ್ಯ ಶ್ರಾವಣದಲ್ಲಿ ಒಂದು ರವಿವಾರ ತಾನಾಗಿಯೇ ಬಂದ, ನಿನ್ನ ಕೈಯ ಚಹಾ ಕುಡಿದ, ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ, ನೀರು ಎರಡೂ ಹೊತ್ತು ಬರುತ್ತದೋ ಎಂದು ಕೇಳಿದ, ‘ನೋಡೂಣ್ರಿ ಸಾಹೇಬ್ರ’ ಎಂದು ಹೋದ. ಅಷ್ಟೇ. ಒಬ್ಬ ಗಿರಾಕಿಯನ್ನು ತರಲಿಲ್ಲ. ಮನೆ ಕೊಂಡ ವಿನೋದಿನಿಯನ್ನು ಹುಡುಕಿದ್ದು ನೀನು, ಅದೂ ಬೆಳಗಿನ ಹಾಲಿನ ಕೇಂದ್ರದ ಸಾಲಿನಲ್ಲಿ. ಆಕೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬಾಟಲಿ ಹಿಡಿದು ನಿಂತಿದ್ದಳು, ನೀನು ಮೊಣಕಾಲು ಹಿಡಿದುಕೊಂಡು ನಿಂತಿದ್ದೆ. ನರ್ಸಮ್ಮ ನಿನ್ನ ಕಾಲು ನೋಡಿ ‘ಮೆಟ್ಟಿಲು ಹತ್ತುವುದು ಬಿಡಿ ಅಕ್ಕ’ ಎಂದಳು, ನೀನು ‘ಬಿಡೂಣಂದ್ರ ಮನಿ ಯಾರು ತೊಗೋತಾರವಾ’ ಎಂದೆ. ಹಾಲು ಮನೆಗೆ ಬರುವಷ್ಟರಲ್ಲಿ ವ್ಯವಹಾರ ಮುಗಿದಿತ್ತು. ಇದರಲ್ಲಿ ದಲಾಲ ಎಲ್ಲಿಂದ ಬಂದ?

ದಲಾಲರ ವಿಷಯದಲ್ಲಿ ನನ್ನ ನೆನಪು ಎಷ್ಟು ಉದ್ದ ಎಂದು ನಿನಗೆ ಗೊತ್ತು. ಬೈಕುಲ್ಲಾದ ಚಾಳಿನಲ್ಲಿ ನಮಗೆ ಖೋಲಿ ಕೊಡಿಸಿದವನು ‘ರಾತ್ರಿ ದೀಪದ ಖರ್ಚೇ ಇಲ್ಲ’ ಎಂದಿದ್ದ. ಹೋಗಿ ನೋಡಿದರೆ ಕಿಟಕಿಯೆದುರಿಗೇ ರಸ್ತೆಯ ಕಂಬ, ನೀನು ಎರಡು ವರ್ಷ ಕಣ್ಣಿಗೆ ಸೆರಗು ಕಟ್ಟಿಕೊಂಡು ಮಲಗಿದೆ. ಅಂದೇ ನಿರ್ಧರಿಸಿದ್ದೆ, ಇನ್ನು ಮನೆ ಕೊಳ್ಳುವಾಗಲೂ ಕೊಡುವಾಗಲೂ ನಡುವೆ ಯಾರಿಗೂ ಜಾಗ ಇಲ್ಲವೆಂದು. ಆದ್ದರಿಂದ ನಾನು ಬಸವಂತರಾಯನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ, ‘ಯಾವ ಗಿರಾಕಿನ್ನ ತಂದಿ ಹೇಳಪಾ?’

ಆತ ಏನೆಂದ ಗೊತ್ತೇ? ‘ತರಾಕ ಟೈಮ್ ಎಲ್ಲಿ ಕೊಟ್ರಿ ಸಾಹೇಬ್ರ? ಆರು ತಿಂಗಳು ನಿಮ್ಮ ಮನಿಗಿ ಒಬ್ಬನೂ ಹಣಿಕಿ ಹಾಕಿದ್ದಿಲ್ಲ. ನಾ ಕಾಲಿಟ್ಟೆ, ಎಂಟು ದಿನದಾಗ ಮನಿ ಹೋಯ್ತು. ಇದಕ್ಕ ನಮ್ಮ ಕಡೆ ಏನಂತಾರ್ರಿ? ಕಾಲ್ಗುಣ!’

ಕಾಲ್ಗುಣಕ್ಕೆ ಕಮಿಷನ್ ಕೇಳಿದ ಮನುಷ್ಯನನ್ನು ನಾನು ಕೋರ್ಟಿನಲ್ಲೂ ನೋಡಿರಲಿಲ್ಲ. ಸುಳ್ಳು ಸಾಕ್ಷಿ ನೋಡಿದ್ದೇನೆ, ಸತ್ತವರ ಹೆಬ್ಬೆಟ್ಟು ನೋಡಿದ್ದೇನೆ, ಇದನ್ನು ನೋಡಿರಲಿಲ್ಲ. ‘ಯಾವ ಕಾಯದೆದಾಗ ಅದ ಇದು?’ ಎಂದೆ. ‘ಕಾಯದೆ ನಿಮಗ ಗೊತ್ತು, ನನಗ ಅಕ್ಕಾರು ಗೊತ್ತು. ನಿಮ್ಮ ಕಾಲ್ಗುಣದಿಂದ ಮನಿ ಹೋಯ್ತು ನೋಡ್ರಿ ಅಂತ ಅಕ್ಕಾರೇ ತಮ್ಮ ಬಾಯಿಲೆ ಅಂದಾರ’ ಎಂದ. ಇಂದ್ರಾ, ನನಗೆ ಸಿಟ್ಟು ಬಂದದ್ದು ಇಲ್ಲಿ. ನನ್ನ ಹೆಂಡತಿಯ ಬಾಯಲ್ಲಿ ಇಂಥ ಮಾತು! ಪಂಚಾಂಗದಲ್ಲಿ ನಾವು ರಜೆಯ ದಿನ ಬಿಟ್ಟು ಬೇರೇನನ್ನಾದರೂ ನೋಡಿದ್ದೇವೆಯೇ? ಆಡಿದವನು ನಮ್ಮ ಕಡೆಯವನೆಂಬ ದಾಕ್ಷಿಣ್ಯವನ್ನೂ ಬಿಟ್ಟು ‘ಮೆಟ್ಟಲಾ ಇಳಿ’ ಎಂದುಬಿಟ್ಟೆ.

ಇಳಿದ. ಆದರೆ ಇಳಿದವನು ಸುಮ್ಮನೆ ತನ್ನ ಕುರ್ಚಿಗೆ ಹೋಗಲಿಲ್ಲ, ಲೋಕಲ್ ಹಿಡಿದು ಬೈಕುಲ್ಲಾಕ್ಕೆ ಹೋದ. ವಿನೋದಿನಿಯ ಗಂಡ ಪೂವಪ್ಪ ಕೂತಿರುವ ಹೋಟೆಲಿನ ಗಲ್ಲೆಯ ಎದುರು ನಿಂತು, ಇಡ್ಲಿ ತಿನ್ನುವವರೆಲ್ಲ ಕೇಳುವಂತೆ, ‘ನನ್ನ ಹೊಟ್ಟಿ ಉರಿಸಿದ ಮನಿ ಅದು’ ಎಂದು ಹೇಳಿ ಬಂದ. ಮರುದಿನವೇ ವಿನೋದಿನಿ ಸಮವಸ್ತ್ರದಲ್ಲೇ ಏರಿ ಬಂದಳು. ಪಾಪ, ಒಳ್ಳೆಯ ಹೆಣ್ಣುಮಗಳು, ಕೂತ ಮೇಲೂ ಚೀಲವನ್ನು ತೊಡೆಯಿಂದ ಕೆಳಗಿಡಲಿಲ್ಲ. ‘ನನಗೆ ಕಾನೂನು ಎಲ್ಲ ಬೇಡ ಸಾರ್’ ಎಂದಳು. ‘ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಒಬ್ಬರು ಹೊಟ್ಟೆ ಉರಿಸಿಕೊಂಡ ಮನೆಯಲ್ಲಿ ನಾನು ಹಾಲು ಉಕ್ಕಿಸುವುದು ಹೇಗೆ ಮಾರಾಯ್ರೆ? ಇದೊಂದು ಮುಗಿಸಿ ಕೊಡಿ. ಇಲ್ಲದಿದ್ದರೆ ನಮ್ಮ ಮುಂಗಡ ವಾಪಸು ಕೊಡಿ, ಬೇಜಾರು ಮಾಡ್ಬೇಡಿ.’

ಮುಂಗಡ ವಾಪಸು! ಅದನ್ನು ನಾವು ಆಗಲೇ ಹೊಸ ಮನೆಗಾಗಿ ಡೊಂಬಿವಲಿಯವನ ಕೈಯಲ್ಲಿ ಇಟ್ಟಿದ್ದೇವೆ. ಉಳಿದದ್ದನ್ನು ಡಿಸೆಂಬರಿನ ಮೊದಲ ವಾರ ಕೊಡದಿದ್ದರೆ ಕೊಟ್ಟದ್ದೂ ಹೋಯಿತು, ನಿನ್ನ ಮೊಣಕಾಲಿಗೆ ಸಿಗಬೇಕಾಗಿದ್ದ ನೆಲಮಹಡಿಯ ಮನೆಯೂ ಹೋಯಿತು. ಮುಂಗಡಕ್ಕೆ ನಮ್ಮ ಕಡೆ ಸಂಚಕಾರ ಎಂದು ಯಾಕೆ ಹೆಸರಿಟ್ಟರೋ ಅಂದು ನನಗೆ ತಿಳಿಯಿತು. ಆದರೂ ಹೆದರಿ ನೂರಕ್ಕೆ ಎರಡು ಕೊಟ್ಟು ಬಾಯಿ ಮುಚ್ಚಿಸುವವನು ನಾನಲ್ಲ. ನೇರ ಸೊಸಾಯಿಟಿಯ ಸೆಕ್ರೆಟರಿಯ ಬಳಿ ಹೋಗಿ, ನಾಲ್ಕು ಜನರ ಮುಂದೆ ಇದು ತೀರ್ಮಾನವಾಗಲಿ, ವಿನೋದಿನಿಯೂ ಕೇಳಲಿ ಎಂದೆ. ಅವರಿಗೂ ಶನಿವಾರ ಸಂಜೆ ಬೇರೆ ಕೆಲಸವಿರಲಿಲ್ಲ.

ಅಂಗಳದಲ್ಲಿ ಕುರ್ಚಿ ಹಾಕಿದರು. ನಮ್ಮ ವಾಚ್‌ಮನ್ ದೂಜ ಗೇಟು ಬಿಟ್ಟು ಬಂದು ಕಂಬಕ್ಕೆ ಒರಗಿದ. ಲಕ್ಷ್ಮವ್ವ ಅವರೆಕಾಯಿಯ ಬುಟ್ಟಿ ಸಮೇತ ಮೆಟ್ಟಿಲ ಮೇಲೆ ಕೂತಳು. ವಿನೋದಿನಿ ಒಂದು ಮೂಲೆಗೆ. ಬಸವಂತರಾಯ ಎದ್ದು ನಿಂತು ತನ್ನ ಅಹವಾಲನ್ನು ಅಚ್ಚ ಆಳಂದದ ಕನ್ನಡದಲ್ಲಿ ಹೇಳಿದ. ಸೆಕ್ರೆಟರಿ ಪುಣೆಯ ಕಡೆಯವರು, ಒಂದಕ್ಷರ ತಿಳಿಯಲಿಲ್ಲ. ‘ಕಾಯ್ ಮ್ಹಣತಾತ ಹೇ?’, ಏನನ್ನುತ್ತಾರೆ ಇವರು ಎಂದು ನನ್ನ ಮುಖ ನೋಡಿದರು. ಇಲ್ಲಿ ನಾನೊಂದು ಕೆಲಸ ಮಾಡಿದೆ, ನಗಬೇಡ. ನಿವೃತ್ತನಾಗಿ ಎರಡು ವರ್ಷವಾದರೂ ನನ್ನೊಳಗಿನ ದುಭಾಷಿ ತಟ್ಟನೆ ಎದ್ದು ನಿಂತ. ಕೈ ಕಟ್ಟಿಕೊಂಡು, ಎದುರಾಳಿಯ ಅಹವಾಲನ್ನು ನಾನೇ ಮರಾಠಿಗೆ ಮಗುಚಿದೆ, ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ‘ಅದೃಷ್ಟ’ ಎಂದೋ ‘ಮೂಢನಂಬಿಕೆ’ ಎಂದೋ ಹೇಳಿ ದಾಟಿಸಬಹುದಿತ್ತು. ಆದರೆ ಸರಿಯಾದ ಶಬ್ದ ಇರುವಾಗ ತಪ್ಪು ಶಬ್ದ ಹಾಕಲು ನನ್ನ ನಾಲಿಗೆಗೆ ಬರುವುದಿಲ್ಲ. ‘ಪಾಯಗುಣ’ ಎಂದೆ. ಎಂದ ಕೂಡಲೇ ಸೆಕ್ರೆಟರಿಯ ಮುಖ ಅರಳಿತು. ‘ಅಹೋ, ಪಾಯಗುಣ! ಮಗ ಬರೋಬರ ಆಹೇ ಕೀ!’ ಎಂದು ತೊಡೆ ತಟ್ಟಿದರು. ಸರಿಯಾಗಿಯೇ ಇದೆಯಲ್ಲ ಅಂತೆ! ತಮ್ಮ ಸೊಸೆ ಬಂದ ವರ್ಷವೇ ತಮಗೆ ಟೆಲಿಫೋನ್ ಸಿಕ್ಕ ಕತೆಯನ್ನು ಶುರು ಮಾಡಿದರು. ಸುತ್ತಲಿನವರೆಲ್ಲ ತಲೆಯಾಡಿಸಿದರು. ನನ್ನ ಮೊಕದ್ದಮೆಯನ್ನು ನಾನೇ ಅಷ್ಟು ಶುದ್ಧ ಮರಾಠಿಯಲ್ಲಿ ಮುಳುಗಿಸಿದ್ದೆ. ಬಸವಂತರಾಯ ನನಗೆ ಕೈ ಮುಗಿದು, ‘ಭಾಳ ಛಂದ ಹೇಳಿದ್ರಿ ಸಾಹೇಬ್ರ, ನನಗೂ ಇಷ್ಟು ಬರ್ತಿರಲಿಲ್ಲ’ ಎಂದ!

ಆಗ ನನಗೆ ರೋಷ ಉಕ್ಕಿತು. ಆಗಲಿ, ಕಾಲ್ಗುಣ ಇದೆ ಎಂದೇ ಇಟ್ಟುಕೊಳ್ಳೋಣ ಎಂದೆ. ನನ್ನ ನೆನಪಿನ ಚೀಲ ಬಿಚ್ಚಿದೆ. ಈತ ಬಂದು ಹೋದ ಆ ರವಿವಾರ ಸಂಜೆಯೇ ಬಿಲ್ಡಿಂಗಿನ ಪಂಪು ಸುಟ್ಟಿತೋ ಇಲ್ಲವೋ? ನಾವೆಲ್ಲ ಬಕೆಟ್ ಹಿಡಿದು ಪಕ್ಕದ ಬಿಲ್ಡಿಂಗಿಗೆ ಹೋಗಿ ಮಾತು ಕೇಳಿಸಿಕೊಂಡೆವೋ ಇಲ್ಲವೋ? ಅದೇ ವಾರ ಸೆಕ್ರೆಟರಿ ಸಾಹೇಬರ ಹೊಸ ಛತ್ರಿ ಲೋಕಲ್‌ನಲ್ಲಿ ಹೋಯಿತು. ಲಕ್ಷ್ಮವ್ವನ ಉಪ್ಪಿನಕಾಯಿಯ ಭರಣಿ ಗೋಡೆಯ ಮಾಡದಿಂದ ಬಿದ್ದು ಚೂರಾಯಿತು. ಮನೆ ಹೋದದ್ದು ಈತನ ಕಾಲಿನಿಂದ ಎಂದಾದರೆ ಪಂಪು ಯಾರ ಕಾಲಿನಿಂದ ಹೋಯಿತು? ಕಮಿಷನ್ ಕೊಡುತ್ತೇನೆ, ಮೊದಲು ಪಂಪಿನ ರಿಪೇರಿ, ಛತ್ರಿ, ಉಪ್ಪಿನಕಾಯಿ ಮೂರನ್ನೂ ಈತ ಕಟ್ಟಿಕೊಡಲಿ! ಸೆಕ್ರೆಟರಿಯ ಮುಖ ಛತ್ರಿಯ ಹೆಸರು ಕೇಳಿದ್ದೇ ಬದಲಾಯಿತು. ಬಸವಂತರಾಯ ಟೊಪ್ಪಿಗೆ ಸರಿಮಾಡಿಕೊಂಡು, ‘ಅವತ್ತು ನನ್ನ ಸಂಗಟ ನಮ್ಮ ಅಳಿಯ ಬಂದಿದ್ದಿಲ್ರಿ? ಅದೆಲ್ಲಾ ಅವನ ಕಾಲಿಂದು. ಅವನ ಕಾಲು ಹಂಗೇ ಅದ, ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತು’ ಎಂದ. ಇಡೀ ಅಂಗಳ ನಕ್ಕಿತು. ದೂಜ ಕಂಬ ಬಿಟ್ಟು ಮುಂದೆ ಬಂದು, ‘ಹಾಗಾದರೆ ಗೇಟು ತೆಗೆದದ್ದು ನಾನಲ್ವಾ ಧಣಿ? ನನ್ನ ಕೈಗುಣಕ್ಕೆ ಅರ್ಧ ಪರ್ಸೆಂಟ್ ಆದ್ರೂ ಬೇಡ್ವಾ?’ ಎಂದು ಕೈ ಚಾಚಿದ. ಮತ್ತೆ ನಗು. ವಿನೋದಿನಿ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಕೊನೆಯ ಪೆಟ್ಟು ನನ್ನದೇ. ಎದ್ದು ನಿಂತು, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ, ‘ಈತ ಗಿರಾಕಿಯನ್ನು ತಂದಿಲ್ಲ, ಕರಾರು ಆಗಿಲ್ಲ. ಉಳಿದದ್ದು ನನ್ನ ಹೆಂಡತಿ ಆಡಿದಳೆನ್ನುವ ಒಂದು ಮಾತು. ಆಕೆ ಅದನ್ನು ಆಡಿಲ್ಲ. ಆಕೆಯ ಪರವಾಗಿ ನಾನು ಪ್ರಮಾಣ ಮಾಡಿ ಹೇಳುತ್ತೇನೆ’ ಎಂದೆ. ಸೆಕ್ರೆಟರಿ ತೀರ್ಪು ಕೊಟ್ಟರು, ಕಮಿಷನ್ ಇಲ್ಲ! ಬಸವಂತರಾಯ ಮುಂದಿಟ್ಟ ಚಹಾ ಮುಟ್ಟಲಿಲ್ಲ. ಗೇಟಿನ ತನಕ ಹೋದವನು ತಿರುಗಿ, ‘ರೊಕ್ಕ ಬಿಡ್ರಿ ಸಾಹೇಬ್ರ. ನಾಲ್ಕು ಮಂದ್ಯಾಗ ನನ್ನ ಸುಳ್ಳ ಮಾಡಿದ್ರಿ’ ಎಂದು ಹೋದ. ಸೋತವರು ಹಾಗೆಯೇ ಅನ್ನುವುದು, ಕೋರ್ಟಿನ ಮೆಟ್ಟಿಲ ಮೇಲೆ ದಿನಾ ಕೇಳುತ್ತಿದ್ದೆ.

ಎಲ್ಲರೂ ನನ್ನ ಬೆನ್ನು ತಟ್ಟಿದರು. ವಿನೋದಿನಿ ಮಾತ್ರ ಆ ತುಂಬಿದ ಚಹಾದ ಬಟ್ಟಲನ್ನೇ ನೋಡುತ್ತಿದ್ದಳು. ‘ಅವರು ಕುಡೀಲಿಲ್ಲ ಸಾರ್’ ಎಂದಳು. ‘ಅಕ್ಕ ಹಾಗೆ ಹೇಳ್ಲಿಲ್ಲ ಅಂತ ಅಕ್ಕನೇ ಒಂದು ಮಾತು ಬರೆದ್ರೆ ನನಗೆ ಸಮಾಧಾನ. ಅವರು ಸುಳ್ಳು ಹೇಳಿದ್ದು ಹೌದಾದ್ರೆ ಆ ಶಾಪ ತಾಗ್ಲಿಕ್ಕಿಲ್ಲ.’ ಹಾಗಾಗಿ ನೀನು ಮಾಡಬೇಕಾದದ್ದು ಇಷ್ಟೇ. ಈ ಪತ್ರ ತಲುಪಿದ ದಿನವೇ ಒಂದು ಕಾರ್ಡಿನಲ್ಲಿ ‘ನಾನು ಆ ಮಾತು ಆಡಿಲ್ಲ’ ಎಂದು ಬರೆದು ಹಾಕು. ದೊಡ್ಡದಾಗಿ ಬರೆ, ಗೇಟಿನ ಹತ್ತಿರ ಹಚ್ಚುವಂತಿರಲಿ.

ಮಲ್ಲಕ್ಕನಿಗೆ ನನ್ನ ನಮಸ್ಕಾರ, ಆಕೆ ಚೆನ್ನಾಗಿ ಕಾಣುವಂತಾದ ಮೇಲೆ ಮೊದಲು ನನ್ನ ಈ ಅಕ್ಷರ ತೋರಿಸು. ಮಕ್ಕಳಿಗೆಲ್ಲ ಆಶೀರ್ವಾದ. ನೀನು ರಾತ್ರಿ ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚುವುದನ್ನು ಬಿಡಬೇಡ. ನೂರು ಕಾಲ ಸುಖವಾಗಿರು, ಅದರಲ್ಲಿ ಬಹಳಷ್ಟು ಕಾಲ ನನ್ನ ಜೊತೆ ಇರು.

ನಿನ್ನ
ಗುರಲಿಂಗಪ್ಪ

ತಾ.ಕ.: ಇಂದ್ರಾ, ಇಲ್ಲಿಂದ ಮುಂದಿನದನ್ನು ಗಟ್ಟಿಯಾಗಿ ಓದಬೇಡ. ಕವರಿಗೆ ಅಂಟು ಹಚ್ಚುತ್ತಿದ್ದೆ, ಲಕ್ಷ್ಮವ್ವ ರೊಟ್ಟಿ ತಂದಳು. ಪತ್ರದ ವಿಷಯ ಹೆಮ್ಮೆಯಿಂದ ಹೇಳಿದೆ. ಆಕೆ ಬುಟ್ಟಿ ಕೆಳಗಿಟ್ಟು, ‘ಅಣ್ಣಾರ, ಆ ಕಾರ್ಡ್ ತರಸಬ್ಯಾಡ್ರಿ. ಅಕ್ಕ ಆ ಮಾತು ಅಂದಿದ್ದು ಖರೆ ಅದ. ಮೆಟ್ಟಲದಾಗ ನಾನೂ ಇದ್ದೆ’ ಎಂದಳು. ನಿನ್ನೆ ಯಾಕೆ ಹೇಳಲಿಲ್ಲ ಎಂದರೆ, ‘ನೀವು ಎರಡೆರಡು ಭಾಷಾದಾಗ ಅಷ್ಟು ಜೋರಿಲೆ ಮಾತಾಡ್ಲಿಕತ್ತಿದ್ರಿ, ನಡಬರಕ ಹೆಂಗ ಬಾಯಿ ಹಾಕ್ಲಿ?’ ಅಂತೆ!

ಆಡಿದ ಮಾತಿನ ಅರ್ಥ ಕೆಡಿಸದೆ ದಾಟಿಸುವುದೇ ನನ್ನ ಉದ್ಯೋಗವಾಗಿತ್ತು. ನಿನ್ನೆ ನಾಲ್ಕು ಜನರೆದುರು ನಿಜ ಹೇಳಿದವನನ್ನು ಸುಳ್ಳ ಮಾಡಿದೆ, ಅದೂ ಪ್ರಮಾಣ ಮಾಡಿ. ರೊಟ್ಟಿಯನ್ನು ಮುಚ್ಚಿಟ್ಟು, ಚಪ್ಪಲಿ ಮೆಟ್ಟಿ ಮೊದಲು ಸೆಕ್ರೆಟರಿಯ ಮನೆಗೆ ಹೋಗಿ, ನನ್ನ ಹೆಂಡತಿ ಹಾಗೆ ಅಂದದ್ದು ನಿಜ ಎಂದು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಪಾನಿನ ಅಂಗಡಿಗೆ. ಬಸವಂತರಾಯನಿಗೆ ಹೇಳಿದೆ, ‘ತಪ್ಪಾಯಿತಪಾ. ಆದರ ಕಮಿಷನ್ ಕೊಡೂದಿಲ್ಲ. ಕಮಿಷನ್ ದುಡಿದಿದ್ದಕ್ಕ. ಕಾಲ್ಗುಣಕ್ಕ ನಮ್ಮ ಕಡೆ ಏನು ಮಾಡ್ತಾರ? ಆಯೇರಿ ಮಾಡ್ತಾರ. ನಿನಗ ಧೋತರ, ನಿಮ್ಮಾಕಿಗಿ ಸೀರಿ ಕುಬಸ. ಹೊಟ್ಟಿ ತಂಪಾಗ್ತದೋ?’ ಆತ ಬಿಲ್ಲನ್ನು ಹರಿದು ಜೇಬಿಗೆ ಹಾಕಿಕೊಂಡು, ‘ಅಕ್ಕಾರ ಕೈಲೇ ಆಗ್ಬೇಕು, ಹಂಗಿದ್ರ ಬರ್ತೀನಿ’ ಎಂದ. ನಾನು ಹೊರಡುವಾಗ ಮತ್ತೆ ದಲಾಲನೇ ಆಗಿ, ‘ಧೋತರ ಜರದ ಅಂಚಿಂದು ಇರ್ಲಿ, ಅಳಿಯಗೂ ಒಂದು ಟಾವೆಲ್ ಹಿಡೀರಿ’ ಎಂದ. ವಿನೋದಿನಿಗೂ ಹೇಳಿ ಬಂದೆ. ಬಸವಂತರಾಯ ಗಂಡಹೆಂಡತಿ ನಮ್ಮಲ್ಲಿ ಊಟ ಮಾಡಿ ಆಯೇರಿ ಉಟ್ಟು ಇಳಿದ ಮರುದಿನವೇ ಹಾಲು ಉಕ್ಕಿಸುತ್ತಾಳಂತೆ.

ಆದ್ದರಿಂದ ಕಾರ್ಡು ಬೇಡ, ನೀನೇ ಬಾ. ಗಂಡಸೊಬ್ಬನೇ ಆಯೇರಿ ಮಾಡುವಂತಿಲ್ಲ, ಸೀರೆಯೂ ನನಗೆ ಆರಿಸಲು ಬರುವುದಿಲ್ಲ, ಅಲ್ಲಿಂದಲೇ ಒಂದು ಇಳಕಲ್ ತಾ. ಗುರುವಾರದ ಮದ್ರಾಸ್ ಮೇಲ್ ಹಿಡಿ, ದಾದರಿಗೆ ನಾನು ಬರುತ್ತೇನೆ. ಒಂದು ಮಾತು ಮಾತ್ರ: ದಾರಿಯಲ್ಲಿ ಕೂಲಿ, ಟಾಂಗಾದವನು, ಎದುರು ಸೀಟಿನವರು, ಯಾರು ಸಿಕ್ಕರೂ, ಮನೆ ಸೇರುವ ತನಕ ಇನ್ನೊಬ್ಬರ ಕಾಲನ್ನು ಹೊಗಳಬೇಡ.